ಇಂದು ತಪ್ಪಿದ ನನ್ನ ಸಾವು

ಗೆಳೆಯರೇ, ಇವತ್ತು ಅಫಜಲಪುರದ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಲ್ಲಿ ನಾನು ಸಾಯುವವನಿದ್ದೆ.

ಹೋದ ತಿಂಗಳು ತೀರಿಕೊಂಡ ಹೆಂಡತಿಯ ಹೆಸರನ್ನು ರೇಷನ್ ಕಾರ್ಡಿನಿಂದ ತೆಗೆಸಬೇಕಿತ್ತು. ಅಂಗಡಿ ನಡೆಸುವ ಹೆಣ್ಣುಮಗಳು "ತೀರಿಕೊಂಡವರ ಆಧಾರ್ ಕೊಡ್ರಿ ಕಾಕಾ" ಎಂದಳು. ಕೊಟ್ಟೆ. ಅರ್ಜಿದಾರನಾಗಿ ನನ್ನ ನಂಬರ್ ರೇಷನ್ ಕಾರ್ಡಿನಿಂದಲೇ ಬಂದಿತ್ತು. ಅವಳು ಮೃತರ ನಂಬರ್ ತುಂಬಿದಳು, ಅರ್ಜಿ ಮುಂದೆ ಹೋಗಲಿಲ್ಲ. ಕೆಂಪು ಅಕ್ಷರದಲ್ಲಿ ಬಂತು: ಅರ್ಜಿದಾರರ ಮತ್ತು ಮೃತರ ಸಂಖ್ಯೆ ಒಂದೇ ಇರುವಂತಿಲ್ಲ.

"ಕಾಕಾ, ನಿಮ್ಮ ಕಾರ್ಡೇ ಕೊಟ್ಟೀರಲ್ರಿ! ನಿಮ್ಮ ಹೆಸರೇ ತೆಗಿತಿದ್ನಿ!"

"ಎರಡೂ ಒಂದೇ ಕವರಿನ್ಯಾಗ ಇಡೋದು ಆಕಿ ರೂಢಿ ಯವ್ವಾ."

ಇಷ್ಟು ವರ್ಷ ನನ್ನ ತಪ್ಪುಗಳನ್ನು ಹೆಂಡತಿಯೇ ತಡೆಯುತ್ತಿದ್ದಳು. ಆ ಅರ್ಜಿಗೆ ಇಂಥದೊಂದು ತಪಾಸಣೆ ಇಟ್ಟ ಪುಣ್ಯಾತ್ಮರು ಯಾರೋ, ಅವರಿಗೆ ಶರಣು. ಸ್ವಂತ ಸಹಿ ಹಾಕಿ ಸಾಯುವುದು ತಪ್ಪಿತು.

ಮನೆಗೆ ಬಂದು ಎರಡೂ ಕಾರ್ಡನ್ನು ಮತ್ತೆ ಅದೇ ಕವರಿಗೆ ಹಾಕಿದೆ.