ಗುರು ಬರಲಿಲ್ಲ

ಆ ಗುಂಪಿನಲ್ಲಿ ಎಲ್ಲರೂ ನನ್ನನ್ನು ಗುರು ಎನ್ನುತ್ತಿದ್ದರು. ನಾನು ಹೆಂಗಸೋ ಗಂಡಸೋ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಫೋಟೊ ಇರಬೇಕಾದಲ್ಲಿ ನಮ್ಮ ಹೀರೋನ ಫೋಟೊ ಇತ್ತು, ಹೆಸರಿನ ಜಾಗದಲ್ಲಿ ಅವನದೊಂದು ಬಿರುದು. ಕೊಚ್ಚಿ, ತಿರುವನಂತಪುರದಲ್ಲಿ ಕೆಲಸಕ್ಕಿರುವ ಕನ್ನಡದ ಹುಡುಗರು ಸೇರಿ ಫೋನಿನಲ್ಲಿ ಕಟ್ಟಿಕೊಂಡ ಅಭಿಮಾನಿಗಳ ಗುಂಪು ಅದು. ಇಲ್ಲಿಗೆ ಕನ್ನಡ ಸಿನಿಮಾ ತಾನಾಗಿ ಬರುವುದು ಕಡಿಮೆ. ಇಷ್ಟು ಜನ ಬಂದೇ ಬರುತ್ತೇವೆಂದು ಮೊದಲೇ ಮಾತು ಕೊಟ್ಟರೆ ಕೊಚ್ಚಿಯ ಥಿಯೇಟರಿನವರು ಬೆಳಗಿನ ಒಂದು ಆಟ ಕೊಡುತ್ತಾರೆ. ಜನ ಸೇರಿಸಲು ಪೋಸ್ಟರಿಗೆ ಸಾಲು ಬರೆಯುವುದು ನನ್ನ ಪಾಲಿನ ಕೆಲಸ. ಚೆನ್ನಾಗಿಯೇ ಬರೆಯುತ್ತಿದ್ದೆ, ಅದರಲ್ಲಿ ವಿನಯ ಯಾಕೆ.

ಆ ಹೀರೋ ಮೇಲಿನ ನನ್ನ ಪ್ರೀತಿ ಹಳೆಯದು. ಮೈಸೂರಿನಲ್ಲಿ ಓದುವಾಗ ಕಾಲೇಜಿನ ತಿರುವಿನಲ್ಲಿ ಬೈಕ್ ನಿಲ್ಲಿಸಿಕೊಂಡು ಕೂರುವ ಹುಡುಗರಿದ್ದರು. ಅವರ ಮುಂದೆ ತಲೆ ತಗ್ಗಿಸಿ ಓಡುತ್ತಿದ್ದವಳು, ಒಂದು ದಿನ ಸಿನಿಮಾದಲ್ಲಿ ಅವನು ನಡೆದಂತೆ ಭುಜ ಅಗಲಿಸಿ ನಡೆದೆ. ಅವರು ಕಾಲು ಹಿಂದೆಳೆದುಕೊಂಡು ದಾರಿ ಬಿಟ್ಟರು. ಗೆಳತಿಯರಿಗೆಲ್ಲ ಅವನನ್ನು ಮದುವೆಯಾಗುವ ಆಸೆ. ನನಗೆ ಅವನೇ ಆಗುವ ಆಸೆ.

ಹೋದ ಸಲದ ಸಿನಿಮಾಕ್ಕೆ, ತಿರುವನಂತಪುರದ ಅಂಚಿನಲ್ಲಿ ನಾನಿರುವ ಕಳಕ್ಕೂಟಂನಿಂದ ಹಿಂದಿನ ದಿನವೇ ರೈಲು ಹತ್ತಿ ಕೊಚ್ಚಿಗೆ ಹೋಗಿದ್ದೆ. ಎಂದಿನಂತೆ ಮೂಲೆಯ ಸೀಟಿನಲ್ಲಿ, ಯಾರಿಗೂ ಪರಿಚಯ ಹೇಳದೆ. ಇಂಟರ್ವಲ್‌ಗೆ ಸ್ವಲ್ಪ ಮೊದಲು ಅವನು ನಾಯಕಿಯ ಕೆನ್ನೆಗೆ ಬಾರಿಸಿದ. ಥಿಯೇಟರು ಎದ್ದು ಕುಣಿಯಿತು. ಬಾಯಿಗಿಟ್ಟ ಬೆರಳು ಹಾಗೇ ಇಟ್ಟುಕೊಂಡು ಕೂತೆ, ಶಿಳ್ಳೆ ಬರಲಿಲ್ಲ. ಅದುವರೆಗೆ ಅವನಾಗಿದ್ದ ನನಗೆ ಆ ಕ್ಷಣ ಕೆನ್ನೆ ಉರಿಯಿತು.

ಕಳಕ್ಕೂಟಂನಲ್ಲಿ ನಾನಿರುವ ಲೇಡೀಸ್ ಹಾಸ್ಟೆಲಿನಲ್ಲಿ ಇನ್ನೊಬ್ಬಳು ಕನ್ನಡದವಳಿದ್ದಳು, ಹುಬ್ಬಳ್ಳಿ ಕಡೆಯ ಚಿಕ್ಕ ಹುಡುಗಿ. ಐ.ಟಿ. ಪಾರ್ಕಿನಲ್ಲಿ ಕೆಲಸ, ಬಿಡುವಿನಲ್ಲಿ ಸಿನಿಮಾ ಧಾರಾವಾಹಿಗಳಲ್ಲಿ ಹೆಂಗಸರನ್ನು ತೋರಿಸುವ ರೀತಿಯ ಬಗ್ಗೆ ಪುಟ್ಟ ವೀಡಿಯೊ ಮಾಡುವ ಹುಚ್ಚು. ಊರಿಗೆ ಹೋದಾಗ ಆ ಸಿನಿಮಾ ನೋಡಿ ಬಂದವಳೇ ತನ್ನ ಕೋಣೆಯ ಕಿಟಕಿಯ ಮುಂದೆ ಕೂತು ಮಾತಾಡಿದ್ದಳು. "ಹೊಡೆದವಗ ಐದು ಡೈಲಾಗ್ ಅದಾವು. ಹೊಡೆಸಿಕೊಂಡಾಕಿಗೆ ಒಂದ್ ಮಾತೂ ಇಲ್ಲ. ಮುಂದ ಸೀದಾ ಹಾಡಿನ್ಯಾಗ ನಗ್ತಾಳ." ಅಷ್ಟೇ. ನನ್ನ ಮನಸ್ಸಿನಲ್ಲಿದ್ದುದನ್ನೇ ಹೇಳಿದ್ದಳು.

ಆ ವೀಡಿಯೊ ಹೇಗೋ ನಮ್ಮ ಗುಂಪಿಗೆ ಬಂತು, ಬೆಂಕಿ ಬಿತ್ತು. ಮೊದಲು ಬೈಗುಳ, ಆಮೇಲೆ ಅವಳ ಮುಖವನ್ನು ಬೇರೆ ಯಾರದೋ ಮೈಗೆ ಅಂಟಿಸಿದ ಚಿತ್ರಗಳು. ನಾನು ಇವನ್ನೆಲ್ಲ ನೋಡುತ್ತಿರುವಾಗ ಅವಳು ಎದುರಿಗೇ ಕೂತು ಚಪಾತಿ ಮುರಿಯುತ್ತಿದ್ದಳು. ಎರಡು ದಿನ ಕಳೆದಿರಬೇಕು, ಒಬ್ಬ ಆ ವೀಡಿಯೊದ ಕಿಟಕಿಯನ್ನು ದೊಡ್ಡದು ಮಾಡಿ ಹಾಕಿದ. ಹೊರಗಿನ ನೀಲಿ ನೀರಿನ ಟ್ಯಾಂಕು, ಅದರಾಚೆ ಪಾರ್ಕಿನ ಗಾಜಿನ ಕಟ್ಟಡ.

"ಇದು ಕಳಕ್ಕೂಟಂ. ಗುರು ಅಲ್ಲೇ ಅಲ್ವಾ ಇರೋದು?"

"ಹೌದಲ್ಲ, ಟಿಕೆಟ್ ತಗೊಂಡಾಗ ಹೇಳಿದ್ರು. ಗುರು, ಒಂದ್ಸಲ ಹೋಗಿ ಯಾವ ಹಾಸ್ಟೆಲ್ ಅಂತ ನೋಡ್ಕೊಂಡ್ ಬನ್ನಿ."

ಅವರು ಹುಡುಕುತ್ತಿದ್ದ ಕಿಟಕಿ ನನ್ನ ಕೋಣೆಯಿಂದ ಮೂರನೆಯದು. ಎದ್ದು ಬಾಗಿಲಿಗೆ ಚಿಲಕ ಹಾಕಿದೆ. ಗುಂಪು ಬಿಟ್ಟು ಓಡೋಣ ಎನ್ನಿಸಿತು. ಬಿಟ್ಟರೆ ಇವರು ಯಾವಾಗ ಬರುತ್ತಾರೆಂದು ತಿಳಿಯುವುದು ಹೇಗೆ? "ಇಲ್ಲಿ ಇಂಥ ಟ್ಯಾಂಕು ನೂರಿವೆ, ಬಿಟ್ಟುಹಾಕಿ" ಎಂದು ಬರೆದೆ. ಅವರು ಬಿಡಲಿಲ್ಲ. ಶನಿವಾರ ನಾವೇ ಕೊಚ್ಚಿಯಿಂದ ಬರುತ್ತೇವೆ, ನೀವು ಪಾರ್ಕಿನ ಹಿಂದಿನ ರಸ್ತೆಗೆ ಬನ್ನಿ ಎಂದರು. ಬಂದು ಏನು ಮಾಡುತ್ತೀರಿ ಎಂದು ಕೇಳಿದೆ. "ಸುಮ್ನೆ ಮಾತಾಡ್ಸೋದು ಗುರು" ಎಂದು ಒಬ್ಬ ನಗುವ ಮುಖ ಹಾಕಿದ. ನನ್ನ ಜೀವ ಹಾರಿಸಿದ್ದು ಆ ನಗುವ ಮುಖವೇ.

ಹುಡುಗಿಗೆ ಎಲ್ಲವನ್ನೂ ಹೇಳಿದೆ, ನಾನು ಯಾರು ಎಂಬುದನ್ನೂ ಸೇರಿಸಿ.

"ನೀವೂ ಅವರ ಪೈಕೀನ ಏನ್ರಿ ಅಕ್ಕಾ?" ಎಂದಳು.

ಶುಕ್ರವಾರವೇ ಅವಳು ಬ್ಯಾಗು ತುಂಬಿಕೊಂಡು ತಿರುವನಂತಪುರ ಪೇಟೆಯೊಳಗಿನ ಗೆಳತಿಯ ಫ್ಲ್ಯಾಟಿಗೆ ಹೊರಟಳು. ಪೊಲೀಸರಿಗೆ ಹೇಳೋಣವೆಂದರೆ, ಅಪ್ಪನಿಗೆ ಗೊತ್ತಾದರೆ ನೌಕರಿ ಬಿಡಿಸಿ ಊರಿಗೆ ಕರೆಸುತ್ತಾನೆಂದು ಕೈ ಹಿಡಿದುಕೊಂಡಳು.

ಶನಿವಾರ ಮಧ್ಯಾಹ್ನ ಆ ಹಿಂದಿನ ರಸ್ತೆಯಲ್ಲೇ, ನಮ್ಮ ಹಾಸ್ಟೆಲಿನ ಎದುರಿನ ಚಹಾದಂಗಡಿಯಲ್ಲಿ ಕೂತೆ. ಒಳಗೆ ಕೂತು ಹೆದರುವುದಕ್ಕಿಂತ ಹೊರಗೆ ಕೂತು ಹೆದರುವುದೇ ಮೇಲೆನ್ನಿಸಿತ್ತು. ಇಬ್ಬರು ಬಂದರು. ರಾಕ್ಷಸರಂತಿರುತ್ತಾರೆಂದು ಅಂದುಕೊಂಡಿದ್ದೆ. ಇಸ್ತ್ರಿ ಮಾಡಿದ ಶರ್ಟು, ಕೊರಳಲ್ಲಿ ಕಂಪನಿಯ ಐ.ಡಿ. ಪಟ್ಟಿ, ಒಬ್ಬನಿಗೆ ಕನ್ನಡಕ. ನನ್ನ ತಮ್ಮನ ಜೊತೆ ಮನೆಗೆ ಬಂದರೆ ಕಾಫಿ ಕೊಟ್ಟು ಕೂರಿಸುವಂಥ ಹುಡುಗರು. ನನ್ನ ಬೆಂಚಿನಲ್ಲೇ ಕೂತು, ನನಗೆ ಜಾಗವಾಗಲೆಂದು ಸರಿದರು. ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ತಿನ್ನುತ್ತ ಹಾಸ್ಟೆಲಿನ ಕಿಟಕಿಗಳನ್ನು ಒಂದೊಂದಾಗಿ ನೋಡಿದರು.

"ಟ್ಯಾಂಕ್ ಅದೇ ಕಣೋ."

"ಗುರು ಬರ್ಲಿ, ತಡಿ. ಮೆಸೇಜ್ ಹಾಕು."

ನನ್ನ ಫೋನು ಮೇಜಿನ ಮೇಲಿತ್ತು. ಸದ್ದು ಅಡಗಿಸಿದ್ದೆ, ಆದರೆ ಪರದೆ ಬೆಳಗಿತು. ಮತ್ತೊಮ್ಮೆ ಬೆಳಗಿದ ಮೇಲೆ ಮೆಲ್ಲಗೆ ಅದನ್ನು ಮಗುಚಿಟ್ಟೆ. ಕನ್ನಡಕದವನು ನನ್ನ ಕಡೆ ತಿರುಗಿ, ಅಕ್ಕನನ್ನು ಕೇಳುವ ಮರ್ಯಾದೆಯಲ್ಲಿ, ಹರಕು ಮಲಯಾಳದಲ್ಲಿ, ಇಲ್ಲೊಬ್ಬ ಕನ್ನಡದ ಹುಡುಗಿ ಇದ್ದಾಳಾ ಎಂದು ಕೇಳಿದ.

"ಚೇಚೀ, ಇವಿಡೆ ಒರು ಕನ್ನಡ ಪೆಣ್‌ಕುಟ್ಟಿ ಉಂಡೋ?"

"ಅರಿಯಿಲ್ಲ" ಎಂದೆ. ಗೊತ್ತಿಲ್ಲ ಎಂಬ ಆ ಒಂದು ಮಾತು ಅಂದು ನಾಲಿಗೆಗೆ ಕಲ್ಲಿನಷ್ಟು ಭಾರವಾಗಿತ್ತು. ಅವನು ತಲೆಯಾಡಿಸಿದ. ಸಂಜೆಯವರೆಗೆ ಕಾದು, ಬೇಸರ ಬಂದು, ರೈಲ್ವೆ ಸ್ಟೇಷನ್ನಿನ ಕಡೆ ನಡೆದರು. ರಾತ್ರಿ ಗುಂಪಿನಲ್ಲಿ ಬರೆದರು: "ಗುರು ಬರ್ಲಿಲ್ಲ. ಅಲ್ಲಿ ಅಂಥಾ ಹುಡುಗೀನೂ ಇಲ್ಲ."

ಹುಡುಗಿ ವೀಡಿಯೊ ತೆಗೆದುಹಾಕಿದಳು. ಹಾಸ್ಟೆಲಿಗೆ ಮರಳಲಿಲ್ಲ. ನನ್ನ ಫೋನು ಎತ್ತುವುದನ್ನೂ ಬಿಟ್ಟಳು, ಅವಳನ್ನು ದೂರುವುದು ಹೇಗೆ. ಗುಂಪು ಅವಳನ್ನು ಮರೆತಂತೆ ಕಂಡಿತು. ನಾನು ಮಾತ್ರ ಅಲ್ಲೇ ಉಳಿದೆ, ಕಾವಲಿಗೆ.

ಮೊನ್ನೆ ಹೀರೋನ ಹೊಸ ಸಿನಿಮಾ ಸುದ್ದಿ ಬಂತು. ಪೋಸ್ಟರಿಗೆ ಸಾಲು ಕೊಡಿ ಗುರು ಎಂದು ಎಲ್ಲರೂ ದುಂಬಾಲು ಬಿದ್ದರು. ಏನೋ ನೆವ ಹೇಳಿ ಫೋನು ಇಡುವಷ್ಟರಲ್ಲಿ, ಗುಂಪಿನ ಹೊರಗೆ, ನನಗೊಬ್ಬಳಿಗೇ ಒಂದು ಸಂದೇಶ ಬಂತು. ಬರೆದವನು, ಫೋಟೊ ನೋಡಿ ಗೊತ್ತಾಯಿತು, ಆ ಕನ್ನಡಕದ ಹುಡುಗ.

"ಗುರು, ಅವತ್ತು ಚಾ ಅಂಗಡೀಲಿ ಒಬ್ರು ಚೇಚಿ ಕೂತಿದ್ರು. ನಾನು ನಿಮ್ಗೆ ಮೆಸೇಜ್ ಹಾಕ್ದಾಗ್ಲೆಲ್ಲ ಅವ್ರ ಫೋನ್ ಬೆಳಗ್ತಿತ್ತು. ಇನ್ನೂ ಯಾರ್ಗೂ ಹೇಳಿಲ್ಲ."

ನಾನು ಓದಿದ್ದು ಅವನಿಗೆ ಆಗಲೇ ಕಾಣಿಸಿರಬೇಕು. ಚಹಾದಂಗಡಿಯ ಬೆಂಚಿನಲ್ಲಿ ಯಾರಾದರೂ ಕೂತಿದ್ದಾರೆಯೇ ಎಂದು ಕಿಟಕಿಯಿಂದ ಬಗ್ಗಿ ನೋಡಬೇಕಿತ್ತು. ಬಗ್ಗಿದರೆ ನನ್ನ ಕಿಟಕಿ ಯಾವುದೆಂದೂ ಅವನಿಗೆ ಗೊತ್ತಾದೀತು. ನೋಡಲಿಲ್ಲ.