ಮಹದೇವಣ್ಣ ಕಾಯುತ್ತಿದ್ದ ಮುಖ

ಕಂಪ್ಯೂಟರಿನ ಮುಂದೆ ಕೂರುವ ಮುನ್ನ ಮಹದೇವಣ್ಣ ಚಪ್ಪಲಿ ಬಿಡುತ್ತಿದ್ದರು. ಭಕ್ತಿಯೇನೂ ಅಲ್ಲ. ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರದಿದ್ದರೆ ಅವರಿಗೆ ತಲೆ ಓಡುತ್ತಿರಲಿಲ್ಲ. ಹಾಗೆ ಕೂತು, ಪರದೆಯ ಮೇಲೆ ಡೌನ್‌ಲೋಡಿನ ಶೇಕಡಾ ಲೆಕ್ಕ ನಿಧಾನವಾಗಿ ಏರುವಾಗ, ಹಾಲು ಕರೆಯುವವರಂತೆ "ಬಾರವ್ವಾ, ಬಾ" ಎಂದು ಪುಸಲಾಯಿಸುವರು. ನಿಂತುಹೋದರೆ ಬಾಯಿಗೆ ಬಂದಂತೆ ಬೈಯುವರು. ಟಿ. ನರಸೀಪುರದ ಅವರ ಬ್ರೌಸಿಂಗ್ ಸೆಂಟರಿಗೆ ರಿಸಲ್ಟ್ ನೋಡಲು ಬಂದ ಹುಡುಗಿಯರು ದುಪಟ್ಟಾ ಅಡ್ಡ ಹಿಡಿದು ನಗುತ್ತಿದ್ದರು. ಪಕ್ಕದ ಮನೆಯ ಹೈಸ್ಕೂಲ್ ಮೇಷ್ಟ್ರಾದ ನಾನು ಪೇಪರ್ ಓದುವ ನೆಪದಲ್ಲಿ ಸಂಜೆಯೆಲ್ಲ ಅಲ್ಲೇ ಇರುತ್ತಿದ್ದೆ.

ತೊಂಬತ್ತರ ದಶಕದಲ್ಲಿ ಅವರು ನಂಜನಗೂಡಿನಲ್ಲಿ ವಿ.ಸಿ.ಆರ್. ರಿಪೇರಿ ಮಾಡುತ್ತಿದ್ದವರು. ಬೂಷ್ಟು ಹಿಡಿದ ಮದುವೆ ಕ್ಯಾಸೆಟ್ಟುಗಳನ್ನು ಬಿಚ್ಚಿ, ಟೇಪನ್ನು ಹತ್ತಿಯಿಂದ ಮೊಳ ಮೊಳವಾಗಿ ಒರೆಸಿ, ಓಡಿಸಿ ತೋರಿಸಿದ ಮೇಲೇ ಕೊಡುತ್ತಿದ್ದರಂತೆ. ಚಿತ್ರ ಬಂದು ದನಿ ಬಾರದಿದ್ದರೆ, ಗಿರಾಕಿ ಇಷ್ಟೇ ಸಾಕು ಎಂದರೂ ಬಿಡರು. "ಅರ್ದ ಕೆಲ್ಸ ಮಾಡಿ ಕೊಡಕ್ಕೆ ನಂದೇನು ಸರ್ಕಾರಿ ಆಪೀಸಾ?" ಎನ್ನುವರು. ಆ ಜಂಬ ನನಗೆ ಬಹಳ ಇಷ್ಟವಾಗುತ್ತಿತ್ತು.

ಒಂದು ಸಂತೆಯ ದಿನ ಹೆಮ್ಮಿಗೆಯ ಸಿದ್ದಮ್ಮ ಬಂದರು. ಅವರ ಗಂಡ ತಂಬೂರಿ ಹಿಡಿದು ಊರೂರಲ್ಲಿ ಪದ ಹಾಡುತ್ತಿದ್ದವರು, ಹಿಂದಿನ ವರ್ಷ ತೀರಿಕೊಂಡಿದ್ದರು. ಮನೆಯಲ್ಲಿ ಅವರದೊಂದು ಫೋಟೋ ಕೂಡ ಇರಲಿಲ್ಲ. ಯಾವುದೋ ಸಂಸ್ಥೆಯವರು ಅವರಿಂದ ಹಾಡಿಸಿ, ವಿಡಿಯೊ ತೆಗೆದು ಇಂಟರ್‌ನೆಟ್ಟಿಗೆ ಹಾಕಿದ್ದರು. ಅದನ್ನು ಇಳಿಸಿಕೊಳ್ಳಲು ಬರುತ್ತಿರಲಿಲ್ಲ. ಸಂಸ್ಥೆಯ ಸರ್ವರಿನಿಂದ ಹರಿದು ಬಂದ ಹಾಗೆಯೇ ನೋಡಬೇಕು. ಮಹದೇವಣ್ಣ ಗುಂಡಿ ಒತ್ತಿದರು. ತಂಬೂರಿ ಮಿಡಿಯಿತು, ಗಂಡಸಿನ ದನಿ ಎದ್ದಿತು. ಪರದೆ ಮಾತ್ರ ಕಪ್ಪಗೇ ಇತ್ತು.

"ದನಿ ಅವ್ರುದೇ ಕನ ಮಗಾ. ಮೊಕ ಎಲ್ಲಿ?" ಎಂದರು ಸಿದ್ದಮ್ಮ.

"ಆ ಕಡೆಯೋನು ಕೊಡ್ತಾವ್ನೆ ಕಣವ್ವಾ, ಈ ಕಡೆಯೋನ್ಗೆ ಇಸ್ಕಳದು ಗೊತ್ತಾಯ್ತಾ ಇಲ್ಲ. ಮುಂದಿನ್ ಸಂತೆಗೆ ಬಾ, ಮೊಕನೂ ತೋರುಸ್ತೀನಿ."

ಆ ಮಾತೇ ಅವರ ಕೊರಳಿಗೆ ಬಿತ್ತು. ಸಂತೆ ಸಂತೆಗೂ ಸಿದ್ದಮ್ಮ ಬಂದು ಕೂರುವರು, ಇವರು ಕಂಪ್ಯೂಟರಿಗೆ ವಿಡಿಯೊ ಓಡಿಸುವ ಹೊಸದೊಂದು ಪ್ಲೇಯರ್ ಹಾಕುವರು. ಒಂದು ಈ ವಿಡಿಯೊ ನನಗೆ ಸಂಬಂಧಪಟ್ಟಿದ್ದಲ್ಲ ಎನ್ನುವುದು. ಇನ್ನೊಂದು ಹೊಸ ವರ್ಷನ್ ಕೇಳುವುದು. ಹೊಸದು ಹಾಕಿದರೆ ಅದಕ್ಕೆ ಈ ಕಂಪ್ಯೂಟರೇ ಹಳೆಯದು. "ಇವುಕ್ಕೂ ಜಾತಿ ಬಂತಲ್ಲ ಮೇಷ್ಟ್ರೇ!" ಎಂದು ಮಹದೇವಣ್ಣ ಹಣೆ ಚಚ್ಚಿಕೊಳ್ಳುವರು. ಒಮ್ಮೆ ಹಸಿರು ಬಣ್ಣ ಕಲಸಿದ ಹಾಗೆ ಏನೋ ಕಂಡು ಮಾಯವಾಯಿತು. "ಅವ್ರ ರುಮಾಲು" ಎಂದು ಸಿದ್ದಮ್ಮ ಪರದೆಗೆ ಕೈಮುಗಿದರು. ಅದು ರುಮಾಲಲ್ಲ ಎಂದು ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಅಂಗಡಿಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಅದನ್ನು ಸ್ಪೀಕರಿನ ಪಕ್ಕ ಇಟ್ಟು ದನಿಯನ್ನಾದರೂ ಹಿಡಿದುಕೊಡಿ ಎಂದೆ.

"ಮೊಕ ಬರ್ಲಿ ತಡೀರಿ ಮೇಷ್ಟ್ರೇ, ಎಲ್ಡೂ ಒಟ್ಗೇ ಕೊಡವ" ಎಂದರು.

ಮಳೆಗಾಲ ಮುಗಿಯುವಷ್ಟರಲ್ಲಿ ಸಂಸ್ಥೆಯವರು ಸರ್ವರ್ ಬದಲಿಸಿದರು. ಅಂದಿನಿಂದ ದನಿಯೂ ಬರಲಿಲ್ಲ. ಫೋನು ಮಾಡಿದರೆ, ಎಲ್ಲ ನೆಟ್ಟಿನಲ್ಲೇ ಇದೆ, ನಿಮ್ಮ ಪ್ಲೇಯರ್ ಸರಿಮಾಡಿಕೊಳ್ಳಿ ಎಂದರು. ಮೂಲ ಟೇಪು ಎಲ್ಲಿದೆ ಎಂದು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

"ಮೊಕ ಬ್ಯಾಡ ಕನ ಮಗಾ" ಎಂದರು ಸಿದ್ದಮ್ಮ. "ಮೊದ್ಲಂಗೆ ದನಿ ಕೇಳ್ಸು, ಅಷ್ಟೇ ಸಾಕು."

ಮಹದೇವಣ್ಣ ಅಂದು ಕಂಪ್ಯೂಟರನ್ನು ಬೈಯಲಿಲ್ಲ. ಕೆಲವು ತಿಂಗಳಲ್ಲೇ ಸೆಂಟರ್ ಮುಚ್ಚಿ ನಂಜನಗೂಡಿಗೆ ಹೊರಟುಹೋದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ. ತುಂಬ ಇಳಿದುಹೋಗಿದ್ದರು. ಹೆಮ್ಮಿಗೆಗೆ ಹೋಗಿ, ಇನ್ನು ಆಗುವುದಿಲ್ಲ ಎಂದು ಸಿದ್ದಮ್ಮನಿಗೆ ಹೇಳಿ ಬಂದೆ ಎಂದರು. ಬೈದರಾ ಎಂದು ಕೇಳಿದೆ.

"ಬೈದಿದ್ರೆ ಚೆಂದಾಗಿತ್ತು. ಉಣ್ಣಕ್ಕಿಕ್ಕುದ್ರು. ‘ಪದ ಎಲ್ಲಾ ನೆಪ್ಪದೆ ಮಗಾ, ದನಿ ಮರ್ತೋಯ್ತಾ ಅದೆ, ನೀನೂ ಜೊತೇಲೇ ಕುಂತು ಕೇಳಿದ್ಯಲ್ಲ, ಎಂಗಿತ್ತು ಏಳು’ ಅಂದ್ರು."

ನಾನು ಅವರ ಮುಖ ನೋಡಿದೆ.

"ನಾನು ಕೇಳೇ ಇಲ್ಲ ಕಣ್ ಮೇಷ್ಟ್ರೇ. ಅಷ್ಟು ಸಂತೇಲೂ ಮೊಕ ಬತ್ತದಾ ಅಂತ ನೋಡ್ತಾ ಕುಂತಿದ್ದೆ."