ಬಾಂಗಿಗೆ ಮೊದಲೇ ಹೊರಟ ಫಯರ್ ಗಾಡಿ

ನನ್ನ ಮೊಮ್ಮಗಳು ನಡೆದಳು! ನಿನ್ನೆ ಬೆಳಿಗ್ಗೆ, ಯಾರ ಕೈಯನ್ನೂ ಹಿಡಿಯದೆ, ಸೋಫಾದಿಂದ ಫ್ರಿಜ್ಜಿನವರೆಗೆ ಏಳು ಹೆಜ್ಜೆ. ಎಂಟನೆಯದಕ್ಕೆ ದೊಪ್ಪನೆ ಕುಳಿತಳು, ಕುಳಿತವಳು ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡಳು. ಒಲೆಯ ಮೇಲೆ ಹಾಲು ಉಕ್ಕಿ ಹರಿದದ್ದು ನನಗೆ ಗೊತ್ತೇ ಆಗಲಿಲ್ಲ. ಊರಿನಲ್ಲಿರುವ ಮೂವರು ತಂಗಿಯರಿಗೂ ಫೋನು ಮಾಡಿದೆ, ಕೆಳಗಿನ ಮನೆಯ ಜೆಸಿಂತಾಬಾಯಿಗೆ ಮೆಟ್ಟಿಲಲ್ಲೇ ನಿಂತು ಕೂಗಿ ಹೇಳಿದೆ, ಈಗ ನಿಮಗೂ ಹೇಳುತ್ತಿದ್ದೇನೆ. ಹದಿಮೂರು ತಿಂಗಳ ಮಗು ನಡೆದರೆ ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ಈ ಮಗು ನಾಲ್ಕು ತಿಂಗಳಿನದಾಗಿದ್ದಾಗ ನನ್ನ ಮಡಿಲಲ್ಲೇ ಉಸಿರು ನಿಲ್ಲಿಸಿತ್ತು. ಆ ದಿನ ನಡೆದದ್ದನ್ನು ಹೇಳದೆ ನನ್ನ ಸಂತೋಷ ಪೂರ್ತಿ ಆಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಓದಿದ್ದು ನಾಲ್ಕನೇ ಕ್ಲಾಸು, ಆಮೇಲೆ ಮೂವತ್ತು ವರ್ಷ ಬೀಡಿ ಕಟ್ಟಿದೆ. ಬೀಡಿ ಕಟ್ಟುವ ಹೆಂಗಸರು ನಾಲ್ಕು ಜನ ಕುಳಿತರೆ ಮುಗಿಯಿತು, ಯಾರಿಗೋ ಏನೋ ಕಾಣಿಸಿದ್ದು, ಯಾರನ್ನೋ ಹೆಸರು ಹಿಡಿದು ಕರೆದದ್ದು, ಅದೇ ಮಾತು. “ನಿನ್ನ ಪ್ರೇತಕ್ಕೆ ಬೇರೆ ಕೆಲಸ ಇಲ್ಲವಾ ಮಾರಾಯ್ತಿ? ಎರಡು ಕಟ್ಟು ಬೀಡಿಯಾದರೂ ಕಟ್ಟಿಕೊಡಲಿಕ್ಕೆ ಹೇಳು” ಎಂದು ನಾನು ನಗಾಡುತ್ತಿದ್ದೆ. ಈಗ ಹಾಗೆ ನಗಲು ಬಾಯಿ ಬರುವುದಿಲ್ಲ.

ನನ್ನ ಮಗಳು ಸುಕನ್ಯ, ಅಳಿಯ ಪ್ರವೀಣ ಇರುವುದು ಒಮಾನಿನ ಅಲ್ ಮವಾಲೇಹ್‌ನಲ್ಲಿ. ಮಗಳ ಬಾಣಂತನಕ್ಕೆಂದು ನಾನೂ ಯಜಮಾನರೂ ಬಂದವರು ಮಗುವಿನ ಮುಖ ನೋಡಿಕೊಂಡು ಇಲ್ಲೇ ಉಳಿದೆವು. ಆ ಘಟನೆಗೆ ಹದಿನೈದು ದಿನ ಮೊದಲು ನಾವು ಮನೆ ಬದಲಾಯಿಸಿದ್ದೆವು. ಮಗಳು ಅಳಿಯ ಆರು ವರ್ಷ ಇದ್ದ ಹಳೇ ಮನೆ ತರಕಾರಿ ಮಾರ್ಕೆಟಿನ ಹಿಂದೆ, ಹೊಸ ಮನೆ ಹೆದ್ದಾರಿಯ ಆಚೆ ಬದಿಗೆ. ಇಲ್ಲಿ ಮನೆಯ ವಿಳಾಸ ಹೇಳುವುದೆಂದರೆ ಗುರುತು ಹೇಳುವುದು. ಇಂಥ ಪೆಟ್ರೋಲ್ ಪಂಪಿನ ಎದುರು, ಇಂಥ ಅಂಗಡಿಯ ಮೇಲೆ, ಹಾಗೆ. ಗ್ಯಾಸ್ ತರುವವನಿಗೂ ಅದೇ, ನೆಂಟರಿಗೂ ಅದೇ.

ಮಗುವಿಗೆ ದಿನಾ ಸ್ನಾನ ಮಾಡಿಸಿ, ಕೂದಲಿಗೆ ಧೂಪ ಹಿಡಿಯುವುದು ನನ್ನ ಕೆಲಸ. ಇಲ್ಲಿ ಲುಬಾನ್ ಎಂದು ಸಿಗುತ್ತದೆ, ನಮ್ಮ ಸಾಂಬ್ರಾಣಿಗೆ ಅಣ್ಣ ಇದ್ದ ಹಾಗೆ, ಒಂದು ಚೂರು ಕೆಂಡದ ಮೇಲೆ ಬಿದ್ದರೆ ಮನೆಯಿಡೀ ಪರಿಮಳ. ಆದರೆ ಇದ್ದಲು ಮುಗಿದು ಎರಡು ದಿನವಾಗಿತ್ತು. ಧೂಪದ ಮಡಕೆಯನ್ನು ತೊಳೆದು ಬಾಲ್ಕನಿಯಲ್ಲಿ ಕವುಚಿ ಹಾಕಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ, ಆ ದಿನ ನಮ್ಮ ಮನೆಯಲ್ಲಿ ಧೂಪ ಹಾಕಿರಲಿಲ್ಲ. ಯಜಮಾನರು ಇದ್ದಲು ತರಲೆಂದೇ ಹೊರಗೆ ಹೋಗಿದ್ದರು. ಅಳಿಯ ಆಫೀಸಿನಲ್ಲಿದ್ದ. ಮಗುವನ್ನು ನನ್ನ ಕೈಗೆ ಕೊಟ್ಟು ಸುಕನ್ಯ ಸ್ನಾನಕ್ಕೆ ಹೋದಳು.

ಇನ್ನು ನನ್ನ ತಪ್ಪು. ತಾಯಿಯ ಹಾಲು ಬಿಟ್ಟು ಒಂದು ಹನಿ ನೀರನ್ನೂ ಕೊಡಬಾರದು ಎಂದು ಡಾಕ್ಟರರು ಹೇಳಿದ್ದರು. ಸುಕನ್ಯ ಅದನ್ನೇ ನನಗೆ ದಿನಕ್ಕೆ ಎರಡು ಸಲ ಹೇಳುತ್ತಿದ್ದಳು. ಆದರೆ ಮಗುವಿಗೆ ಬಜೆ ತೇದು ನೆಕ್ಕಿಸದಿದ್ದರೆ ನಾಲಿಗೆ ತಿರುಗುವುದಿಲ್ಲ ಎಂದು ನಮ್ಮಲ್ಲಿ ಹೇಳುತ್ತಾರೆ. ನಾನು ಐವರು ಮಕ್ಕಳಿಗೆ ಕೊಟ್ಟವಳು, ಇವಳಿಗೊಂದು ಕೊಡದಿರುವುದು ಹೇಗೆ? ಊರಿನಿಂದ ತಂದ ಬಜೆಯ ಬೇರನ್ನು ಸೀರೆಯ ಪೆಟ್ಟಿಗೆಯಲ್ಲಿ ಅಡಗಿಸಿಟ್ಟಿದ್ದೆ. ಆಗ ಹತ್ತಿರದ ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಶುರುವಾಯಿತು. ಮಗುವಿಗೆ ಆ ಸ್ವರ ಎಂದರೆ ಇಷ್ಟ, ಮುಖ ತಿರುಗಿಸಿ ಕಿವಿಗೊಡುತ್ತಿತ್ತು. ಮುಗಿಯಲಿ ಎಂದು ಕಾದೆ. ಬಾಂಗ್ ಮುಗಿದ ಮೇಲೆಯೇ ಪೆಟ್ಟಿಗೆ ತೆರೆದು, ಬೇರನ್ನು ನೀರಿನಲ್ಲಿ ತೇದು, ಚಮಚದಲ್ಲಿ ಬಾಯಿಗೆ ಬಿಟ್ಟೆ.

ಒಂದು ಸಲ ಕೆಮ್ಮಿದಳು. ಎರಡನೇ ಸಲ ಕೆಮ್ಮಲು ಬಾಯಿ ತೆರೆದಳು, ಸ್ವರ ಬರಲಿಲ್ಲ. ತುಟಿ ನೀಲಿಯಾಯಿತು, ಕೈಕಾಲು ಬಟ್ಟೆಯ ಹಾಗೆ ಜೋತುಬಿದ್ದವು. ನಾನು ಕಿರುಚಿದ್ದಕ್ಕೆ ಸುಕನ್ಯ ಒದ್ದೆ ಮೈಗೆ ನೈಟಿ ಸಿಕ್ಕಿಸಿಕೊಂಡು ಓಡಿ ಬಂದಳು. ಬೆನ್ನು ತಟ್ಟಿದೆವು, ತಲೆಕೆಳಗು ಹಿಡಿದೆವು, ಏನೂ ಆಗಲಿಲ್ಲ. ಅವಳು ಪ್ರವೀಣನಿಗೆ ಫೋನು ಮಾಡಿದಳು. ಅವನು ಅಲ್ಲಿಂದಲೇ ಅಂಬುಲೆನ್ಸಿಗೆ ಹೇಳಿದ. ಆ ಗಾಬರಿಯಲ್ಲಿ ಅವನ ಬಾಯಿಗೆ ಬಂದದ್ದು ಆರು ವರ್ಷದಿಂದ ಹೇಳಿ ಹೇಳಿ ರೂಢಿಯಾದ ಗುರುತೇ, ತರಕಾರಿ ಮಾರ್ಕೆಟಿನ ಹಿಂದೆ, ಟೈಲರ್ ಅಂಗಡಿಯ ಮೇಲೆ. ಅಂಬುಲೆನ್ಸ್ ಹಳೇ ಮನೆಗೆ ಹೊರಟಿತು.

ಸುಕನ್ಯ ಫೋನನ್ನು ಕೆಳಗಿಟ್ಟಿದ್ದಳೋ ಇಲ್ಲವೋ, ಯಾರೋ ಬಾಗಿಲು ಬಡಿದರು. ತೆರೆದರೆ ಹೆಲ್ಮೆಟ್ಟು, ದಪ್ಪ ಕೋಟು, ದೊಡ್ಡ ಬೂಟಿನ ನಾಲ್ವರು ಫಯರಿನವರು. ಮುಂದಿದ್ದವನು ಒಮಾನಿ, ಗಡ್ಡಕ್ಕೆ ಆಗಷ್ಟೇ ನರೆ ಬಂದವನು, ಅವರ ಮುಖ್ಯಸ್ಥ. ಏನನ್ನೋ ಕೇಳಲು ಬಾಯಿ ತೆರೆದವನು ಮಗುವನ್ನು ನೋಡಿದ. ಕೇಳಲೇ ಇಲ್ಲ. ನನ್ನ ಕೈಯಿಂದ ಅವಳನ್ನು ತೆಗೆದುಕೊಂಡು ತನ್ನ ಮುಂಗೈಯ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ತಟ್ಟಿದ, ತಿರುಗಿಸಿ ಎದೆಗೆ ಎರಡು ಬೆರಳು ಒತ್ತಿದ, ಮತ್ತೆ ತಿರುಗಿಸಿದ. ಇನ್ನೊಬ್ಬ ಚೀಲ ಬಿಚ್ಚಿ ಸಣ್ಣ ಮಾಸ್ಕನ್ನು ಅವಳ ಮೂಗು ಬಾಯಿಗೆ ಹಿಡಿದು ಗಾಳಿ ಒತ್ತತೊಡಗಿದ. ನಾನು ನೆಲದಲ್ಲಿ ಕುಳಿತು ಅವರ ಬೂಟುಗಳನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಬೆಕ್ಕಿನ ಮರಿಯಂಥ ಒಂದು ಸ್ವರ ಬಂತು, ಅದರ ಹಿಂದೆಯೇ ಮನೆ ಹಾರಿಹೋಗುವಂಥ ಅಳು. “ಖಲಾಸ್ ಮಾಮಾ, ಖಲಾಸ್. ಬೇಬಿ ಓಕೆ” ಎಂದು ಅವನು ನನ್ನ ತಲೆಯ ಮೇಲೆ ಕೈಯಿಟ್ಟ. ಆಯಿತು ಅಮ್ಮಾ, ಇನ್ನು ಹೆದರಬೇಡ ಎಂದು ಅವರ ಭಾಷೆಯಲ್ಲಿ. ನನ್ನ ಮಗನ ಪ್ರಾಯದವನು, ನಾನು ಅವನ ಕಾಲು ಹಿಡಿಯಲು ಹೋದೆ. ಅವನು ಹಿಂದೆ ಸರಿದ.

ಆಗಲೇ ಯಜಮಾನರು ಇದ್ದಲಿನ ಪೊಟ್ಟಣ ಎದೆಗವಚಿಕೊಂಡು, ಏದುಸಿರು ಬಿಡುತ್ತಾ ಹತ್ತಿ ಬಂದರು. “ಎಂಥ ಮಾರಾಯ್ತಿ, ಇದ್ದಲು ತರುವ ಮೊದಲೇ ಬೆಂಕಿ ಹಚ್ಚಿದೆಯಾ?” ಎಂದವರು ನಮ್ಮ ಮುಖ ನೋಡಿ ಪೊಟ್ಟಣವನ್ನು ಅಲ್ಲೇ ಬಿಟ್ಟು ಮಗುವಿನ ಹತ್ತಿರ ಬಂದರು.

ಇನ್ನು ಮುಂದಿನದೇ ನನಗೆ ಅರ್ಥವಾಗದ್ದು. ಜೆಸಿಂತಾಬಾಯಿ ಗಲಾಟೆ ಕೇಳಿ ಮೇಲೆ ಬಂದಿದ್ದರು. ಇಲ್ಲಿ ಇಪ್ಪತ್ತು ವರ್ಷ ಇದ್ದವರು, ಅರಬ್ಬಿ ಚೆನ್ನಾಗಿ ಬರುತ್ತದೆ. ಫಯರಿನ ಮುಖ್ಯಸ್ಥ ಅವರನ್ನು ಕೇಳಿದನಂತೆ, ಹೊಗೆ ಎಲ್ಲಿ? ಎಂಥ ಹೊಗೆ ಎಂದರು ಇವರು. ಆಗ ಗೊತ್ತಾಯಿತು, ಅವರು ಬಂದದ್ದು ಪ್ರವೀಣನ ಫೋನಿಗೆ ಅಲ್ಲ. ಅವರ ಠಾಣೆಗೆ ಯಾರೋ ಒಬ್ಬ ಹೆಂಗಸು ಫೋನು ಮಾಡಿ, ಪೆಟ್ರೋಲ್ ಪಂಪಿನ ಎದುರು, ನೀಲಿ ನೀರಿನ ಟ್ಯಾಂಕಿಯ ಬಿಲ್ಡಿಂಗು, ಎರಡನೇ ಮಾಳಿಗೆ, ಬಲಗಡೆಯ ಬಾಗಿಲು, ಹೊಗೆ ತುಂಬಿದೆ, ಒಳಗೆ ಸಣ್ಣ ಮಗು ಇದೆ ಎಂದಿದ್ದಳಂತೆ. ಮಗು ಎಂದದ್ದಕ್ಕೆ ಉಸಿರಿನ ಚೀಲವನ್ನೂ ಹಿಡಿದುಕೊಂಡೇ ಮೇಲೆ ಬಂದರಂತೆ. ಮೆಟ್ಟಿಲಲ್ಲಿ ನಾಲ್ವರಿಗೂ ಲುಬಾನಿನ ಪರಿಮಳ ಮೂಗಿಗೆ ಹೊಡೆದಿತ್ತಂತೆ.

ನಾನು ಅವನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಧೂಪದ ಮಡಕೆ ತೋರಿಸಿದೆ. ಅವನು ಕೈಗವಸು ತೆಗೆದು ಒಳಗೆ ಬೆರಳಿಟ್ಟು ನೋಡಿದ. ತಣ್ಣಗೆ, ಒಣಗಿತ್ತು. ಫೋನು ಬಂದದ್ದು ಯಾವಾಗ ಎಂದು ಕೇಳಿಸಿದೆ. “ಇವರ ಗಾಡಿ ಠಾಣೆಯ ಗೇಟು ದಾಟಿದ ಮೇಲೆ ಬಾಂಗ್ ಶುರುವಾದದ್ದಂತೆ” ಎಂದರು ಜೆಸಿಂತಾಬಾಯಿ. ಬಾಂಗ್ ಶುರುವಾದಾಗ ಬಜೆಯ ಬೇರು ಇನ್ನೂ ಪೆಟ್ಟಿಗೆಯಲ್ಲಿತ್ತು. ಮಗು ನನ್ನ ತೊಡೆಯ ಮೇಲೆ ಚೆನ್ನಾಗಿ ಆಡಿಕೊಂಡಿತ್ತು.

ಅಂಬುಲೆನ್ಸಿನವರು ಹಳೇ ಮನೆಗೆ ಹೋಗಿ, ಅಲ್ಲಿ ಕೇಳಿ, ಹೆದ್ದಾರಿ ದಾಟಿ ಬರುವಾಗ ಇಪ್ಪತ್ತು ನಿಮಿಷ ಕಳೆದಿತ್ತು. ಅವರದೇನೂ ತಪ್ಪಿಲ್ಲ, ಪಾಪ. ಫಯರಿನ ಮುಖ್ಯಸ್ಥನೇ ಮಗುವನ್ನು ಎತ್ತಿಕೊಂಡು ಇಳಿದು ಅವರ ಕೈಗೆ ಕೊಟ್ಟ, ಏನೇನು ಮಾಡಿದೆ ಎಂದು ವರದಿ ಒಪ್ಪಿಸಿದ. ಇಪ್ಪತ್ತು ನಿಮಿಷ. ನಾನು ಈಗಲೂ ಅಡಿಗೆಮನೆಯ ಗಡಿಯಾರದಲ್ಲಿ ಅಷ್ಟು ಹೊತ್ತು ಕಳೆಯುವುದನ್ನು ನೋಡಲಾರೆ.

ಫೋನು ಮಾಡಿದ್ದು ಯಾರು? ಬಿಲ್ಡಿಂಗಿನ ಎಲ್ಲ ಮನೆಗಳಲ್ಲಿ ಕೇಳಿದೆವು, ಯಾರೂ ಅಲ್ಲ. ಪ್ರವೀಣ ಮುಂದೆ ಒಂದು ದಿನ ಸಿಹಿ ತೆಗೆದುಕೊಂಡು ಠಾಣೆಗೆ ಹೋಗಿ ವಿಚಾರಿಸಿದ. ಹೆಂಗಸು ಎಂಬುದರ ಹೊರತು ಹೆಚ್ಚಿಗೆ ಏನೂ ತಿಳಿಯಲಿಲ್ಲ. “ಬೇರೆ ಯಾವುದೋ ಮನೆಯ ಹೊಗೆ ನೋಡಿ ತಪ್ಪು ಹೇಳಿರಬೇಕು ಅತ್ತೆ” ಎನ್ನುತ್ತಾನೆ ಅವನು. ಜೆಸಿಂತಾಬಾಯಿ ಅದು ದೇವದೂತ ಎನ್ನುತ್ತಾರೆ. ನನಗೆ ಯಾವುದನ್ನೂ ಹೌದು ಎನ್ನಲು ಗೊತ್ತಿಲ್ಲ, ಅಲ್ಲ ಎನ್ನಲೂ ಗೊತ್ತಿಲ್ಲ. ಫಯರ್ ಗಾಡಿ ಕಂಡರೆ ರಸ್ತೆಯ ಬದಿಯಲ್ಲೇ ನಿಂತು ಕೈ ಮುಗಿಯುತ್ತೇನೆ, ಅಷ್ಟೇ.

ಆಸ್ಪತ್ರೆಯಲ್ಲಿ ಡಾಕ್ಟರರ ಎದುರಿಗೆ ಬಜೆಯ ವಿಷಯ ಒಪ್ಪಿಕೊಂಡೆ. ಬೈದರು, ಬೈಯಲೇಬೇಕಿತ್ತು. ಸುಕನ್ಯ ಮಾತ್ರ ನನ್ನ ಮುಖವನ್ನೂ ನೋಡಲಿಲ್ಲ. ಮಗುವಿನ ಎದೆ, ಉಸಿರು ಎಲ್ಲ ಪರೀಕ್ಷಿಸಿ, ಕತ್ತಲಾಗುವ ಹೊತ್ತಿಗೆ ಮನೆಗೆ ಕಳಿಸಿದರು. ಬೆಳಿಗ್ಗೆಯಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಪ್ರವೀಣನೇ ಕುಚ್ಚಲಕ್ಕಿ ಗಂಜಿ ಬೇಯಿಸಿದ, ಯಜಮಾನರು ಹಪ್ಪಳ ಕಾಯಿಸಿದರು, ಜೆಸಿಂತಾಬಾಯಿ ಬಂಗುಡೆ ಸಾರು ಕೊಟ್ಟುಹೋದರು. ನೆಲದ ಮೇಲೆ ಚಾದರ ಹಾಸಿ ಎಲ್ಲರೂ ಕುಳಿತೆವು. ನಾನು ಬಟ್ಟಲು ಮುಟ್ಟಲಿಲ್ಲ. ಸುಕನ್ಯ ಮಗುವನ್ನು ಅಪ್ಪಿಕೊಂಡೇ ಒಂದೆರಡು ತುತ್ತು ನುಂಗಿದಳು, ಆಮೇಲೆ ಎದ್ದು ಬಂದು ಅವಳನ್ನು ನನ್ನ ಮಡಿಲಲ್ಲಿಟ್ಟಳು.

“ಹಿಡಿ ಅಮ್ಮ. ಎರಡು ಕೈಯಲ್ಲಿ ಊಟ ಮಾಡದೆ ನನ್ನ ಹಸಿವು ಹೋಗುವುದಿಲ್ಲ.”

ನಾನು ಮಗುವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಮತ್ತೆ ನಾನು ಉಣ್ಣುವುದು ಹೇಗೆ? ಯಜಮಾನರು ಅತ್ತಿತ್ತ ನೋಡಿ, ತಮ್ಮ ಬಟ್ಟಲಿನ ಗಂಜಿಯನ್ನು ಚಮಚದಲ್ಲಿ ನನ್ನ ಬಾಯಿಗೆ ಇಟ್ಟರು. ಮದುವೆಯಾಗಿ ನಲವತ್ತು ವರ್ಷಗಳಲ್ಲಿ ಅದು ಮೊದಲ ಸಲ. “ನೋಡು ಸುಕನ್ಯ, ಮಾವನನ್ನು!” ಎಂದು ಪ್ರವೀಣ ನಕ್ಕ, ಸುಕನ್ಯ ಹಪ್ಪಳ ಕಚ್ಚಿಕೊಂಡೇ ಅತ್ತಳು, ನಕ್ಕಳು, ಮತ್ತೆ ಗಂಜಿ ಬಡಿಸಿಕೊಂಡಳು. ಪಾತ್ರೆಯ ತಳ ಕಾಣುವವರೆಗೆ ನಾವು ಎಲ್ಲರೂ ಉಂಡೆವು.